ಹೆಸರು ಹೇಳಿದರೆ ಊಟ

ನನ್ನ ಹೆಸರು ಶಿವಶರಣಪ್ಪ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ದಾರಿಯಿಲ್ಲ. ನಮ್ಮ ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳುವವರು ಯಾರೂ ಇಲ್ಲ. ಹೆಂಡತಿ ಹೇಳುವುದಿಲ್ಲ, ಏಕೆಂದರೆ ಅದು ಗಂಡನ ಹೆಸರು. ತಾಯಿ ಅಕ್ಕನಾಗಮ್ಮನೂ ಹೇಳುವುದಿಲ್ಲ, ಏಕೆಂದರೆ ನನಗೆ ಇಟ್ಟಿರುವುದು ಅಜ್ಜನ ಹೆಸರು, ಅಂದರೆ ಆಕೆಯ ಮಾವನ ಹೆಸರು. ಮಗನನ್ನು ಹೆಸರು ಹಿಡಿದು ಕರೆದರೆ ಮಾವನವರಿಗೆ ಅವಮರ್ಯಾದೆ ಆಗುತ್ತದೆಂದು ತೊಟ್ಟಿಲಿನ ದಿನದಿಂದಲೂ ‘ಬಾಳಾ’ ಎಂದೇ ಕರೆಯುತ್ತ ಬಂದಿದ್ದಾಳೆ. ವಿಜಯಪುರದಲ್ಲಿ ಪಂಪ್‌ಸೆಟ್ಟು, ಪೈಪುಗಳ ಅಂಗಡಿ ಇಟ್ಟಿರುವ, ಅರ್ಧ ತಲೆ ಬೋಳಾಗಿರುವ ವ್ಯಾಪಾರಿಯನ್ನು ಗಿರಾಕಿಗಳ ಎದುರಿಗೇ ‘ಬಾಳಾ, ಹಾಲ ಕುಡದಿಯೇನು?’ ಎಂದು ಕೇಳಿದರೆ ಮೋಟಾರಿನ ಬೆಲೆಯ ಮೇಲೆ ಯಾರಿಗೆ ತಾನೇ ವಿಶ್ವಾಸ ಉಳಿದೀತು?

ನಮ್ಮಾಕೆಯದು ಇನ್ನೂ ದೊಡ್ಡ ಕತೆ. ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಅಲ್ಲಿಯ ನರ್ಸು “ಗಂಡನ ಹೆಸರೇನ್ರಿ?” ಎಂದರೆ ಈಕೆ ನಾಚಿ ನೆಲ ನೋಡುತ್ತಾಳೆ. ಹಲ್ಲುನೋವಿಗೆ ನಾಚುವುದೇನಿದೆ ಎಂದು ನರ್ಸು ಗಾಬರಿಯಾಗುತ್ತಾಳೆ. ಕೊನೆಗೆ ಈಕೆ ಚೀಲದಿಂದ ನನ್ನ ಆಧಾರ್ ಕಾರ್ಡು ತೆಗೆದು ನನ್ನ ಹೆಸರಿನ ಮೇಲೆ ಬೆರಳಿಟ್ಟು ತೋರಿಸುತ್ತಾಳೆ. ಮದುವೆ, ಬಸುರಿಯರ ಕುಬಸಗಳಲ್ಲಿ ಹೆಂಗಸರೆಲ್ಲ ಬೆನ್ನು ಬಿದ್ದಾಗ ಮಾತ್ರ ಒಡಪು ಹಾಕುತ್ತಾಳಂತೆ. ಒಡಪೆಂದರೆ ಪ್ರಾಸ ಕಟ್ಟಿದ ಎರಡು ಸಾಲು ಹೇಳಿ, ಅದರ ಬಾಲಕ್ಕೆ ಗಂಡನ ಹೆಸರನ್ನು ಗಂಟು ಹಾಕುವುದು. ‘ಅಂತೆ’ ಎಂದೆ, ಏಕೆಂದರೆ ಅಂಥ ಕಡೆ ಗಂಡಸರನ್ನು ಹೊರಗೆ ಪೆಂಡಾಲಿನಲ್ಲಿ ಕೂರಿಸಿರುತ್ತಾರೆ. (ನಮ್ಮ ಮದುವೆಯಲ್ಲೂ ಹೇಳಿದ್ದಳಂತೆ. ಆಗ ಬ್ಯಾಂಡಿನವರು ನನ್ನ ಕಿವಿಯ ಹತ್ತಿರವೇ ಊದುತ್ತಿದ್ದರು.)

“ಯಾವ ಕಾಲದಾಗ ಅದೀ ನೀ?” ಎಂದು ನಾನು ಆಗಾಗ ಉಪನ್ಯಾಸ ಕೊಡುತ್ತೇನೆ. “ಮಂದಿ ಚಂದ್ರನ ಮ್ಯಾಲೆ ಹೋಗ್ಯಾರ. ನೀ ಇನ್ನ ಗಂಡನ ಹೆಸರ ಹೇಳಾಕ ಅಂಜತಿ. ಕರದ್ರ ಹೆಸರ ಸವೀತೈತೇನು?”

“ಸವಿಯೂದಿಲ್ರಿ. ಆದ್ರ ನಂಗ ಬಾಯಿ ಬರೂದಿಲ್ಲ,” ಎನ್ನುತ್ತಾಳೆ. ಉಪನ್ಯಾಸ ಅಲ್ಲಿಗೆ ಮುಕ್ತಾಯ.

ಇಂಥ ಇಬ್ಬರು ಹೆಂಗಸರನ್ನು ಮನೆಯಲ್ಲಿ ಇಟ್ಟುಕೊಂಡು ನಾನು ಫೋನಿನಲ್ಲಿ ಊಟ ತರಿಸಲು ಹೋದೆ. ಹೋದದ್ದಾದರೂ ಸುಮ್ಮನೆ ಒಂದು ದಿನದ ಹಸಿವೆಗಲ್ಲ, ಬೀಗರು ಬರುವ ದಿನ.

ಮಗಳು ಕಾವ್ಯಾಳನ್ನು ತಿಕೋಟಾದ ಗೊಲ್ಲಾಳಪ್ಪನವರ ಮಗ ಚೇತನಕುಮಾರನಿಗೆ ಕೊಡುವುದೆಂದು ಮಾತು ನಡೆದಿತ್ತು. ದ್ರಾಕ್ಷಿ ತೋಟ, ಒಣದ್ರಾಕ್ಷಿ ವ್ಯಾಪಾರ, ಒಳ್ಳೆಯ ಮನೆತನ. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಹೋದ ತಿಂಗಳು ನಾವು ಅವರ ಮನೆಗೆ ಹೋದಾಗ ಬೀಗಿತಿ ನೀಲಗಂಗವ್ವನವರು ಏಳಲು ಬಾರದಂತೆ ಉಣಿಸಿ, ಎಲೆಅಡಿಕೆ ಕೊಟ್ಟು, ಒಂದು ಮಾತು ಹೇಳಿದರು. “ನಮಗ ಬಂಗಾರ ಗಿಂಗಾರ ಏನೂ ಬ್ಯಾಡ್ರಿ. ಮಂದಿ ಖರೆ ಇರಬೇಕು. ಸುಳ್ಳ ಹೇಳೂ ಮನಿ ಕೂಡ ನಂಟಸ್ತನ ಮಾಡೂದ ನಂಗ ಆಗೂದಿಲ್ಲ.”

ಇಷ್ಟು ಕೇಳಿದ ಮೇಲಾದರೂ ಬಾಯಿ ಮುಚ್ಚಿಕೊಂಡು ಅಡಿಕೆ ಅಗಿಯಬೇಕಿತ್ತು. ಹೊಟ್ಟೆ ತುಂಬಿದಾಗ ನನಗೆ ಮಾತು ಉಕ್ಕುತ್ತದೆ. “ನಮ್ಮಲ್ಲೂ ಹಂಗ ರೀ ಬೀಗಿತಿ! ನಮ್ಮ ಹೊಸ್ತಲಾ ದಾಟಿ ಹೋಟೆಲ್ ಊಟ ಒಳಗ ಬಂದಿಲ್ಲ. ಎಲ್ಲಾ ಮನ್ಯಾಗಿಂದ, ಎಲ್ಲಾ ಇಕೀ ಕೈಯಿಂದ!” ಎಂದುಬಿಟ್ಟೆ. ನಮ್ಮಾಕೆ ನನ್ನ ಕಾಲು ತುಳಿದಳು. ಹಿಂದಿನ ವಾರವಷ್ಟೇ ಗೋಬಿ ಮಂಚೂರಿಯ ಖಾಲಿ ಡಬ್ಬಿಗಳನ್ನು ಕಸದ ಗಾಡಿಗೆ ಹಾಕಿದವಳು ಅವಳೇ.

“ಹಂಗಾರ ಬರೂ ರವಿವಾರ ಊಟಕ್ಕ ಬರ್ತೀವಿ. ಅವತ್ತ ತಾರೀಖ ಹಿಡಿಯೂಣು,” ಎಂದರು ನೀಲಗಂಗವ್ವ.

ಶನಿವಾರ ನಮ್ಮಾಕೆ ಬಚ್ಚಲಲ್ಲಿ ಜಾರಿದಳು. ಬಲಗೈ ಮಣಿಕಟ್ಟು ಉಳುಕಿ ಬದನೆಕಾಯಿಯಂತೆ ಊದಿತು. ಡಾಕ್ಟರು ಬಿಳಿ ಪಟ್ಟಿ ಸುತ್ತಿ, ಒಂದು ವಾರ ಹಿಟ್ಟು ನಾದುವುದಿರಲಿ, ಸೌಟು ಸಹ ಹಿಡಿಯಬಾರದು ಎಂದು ಅಪ್ಪಣೆ ಮಾಡಿದರು. ಅವ್ವನಿಗೆ ಕಣ್ಣಿನ ಆಪರೇಶನ್ ಆಗಿ ಒಲೆಯ ಝಳ ನಿಷಿದ್ಧ. ಬಾಗಲಕೋಟೆಯಲ್ಲಿ ನೌಕರಿ ಮಾಡುವ ಕಾವ್ಯಾ ಬರುವುದು ರವಿವಾರ ಸಂಜೆಗೆ. (ಮುಂಜಾನೆಯೇ ಬಂದಿದ್ದರೂ ಆಕೆಯ ಅಡುಗೆಯನ್ನು ಬೀಗರ ಮುಂದೆ ಇಡುವ ಧೈರ್ಯ ಹೆತ್ತ ತಂದೆಯಾದ ನನಗಿರಲಿಲ್ಲ.)

“ಫೋನ್ ಮಾಡಿ ಖರೆ ಹೇಳಿಬಿಡ್ರಿ,” ಎಂದಳು ನಮ್ಮಾಕೆ. “ಕೈ ಉಳುಕೇತಿ, ಮುಂದಿನ ವಾರ ಬರ್ರಿ ಅಂತ.”

“ಮುಂದಿನ ವಾರ ಅಮಾಸಿ. ಅಮಾಸ್ಯಾಗ ತಾರೀಖ ಹಿಡೀತಾರೇನು?”

“ಹಂಗಾರ ಓಣ್ಯಾಗಿನ ನಾಕ ಮಂದಿನ್ನ ಕರದ್ರ ಒಂದ ತಾಸಿನಾಗ ಅಡಗಿ ಮಾಡಿಕೊಟ್ಟ ಹೋಗ್ತಾರ.”

“ಮತ್ತ ಅವರ ಬೀಗರ ಮುಂದ ನಾವ ಮಾಡೇವಿ ಅಂತ ಹೇಳ್ತಾರ. ನೀ ಸುಮ್ಮ ಕೂಡು. ನಾ ಫೋನಿನಾಗ ತರಸ್ತೀನಿ. ನಮ್ಮ ಪಾತೇಲಿಗೆ ಹಾಕು, ಅವರ ಡಬ್ಬಿ ಹಿತ್ತಲದಾಗ ಮುಚ್ಚಿಡು. ಕಾದ ಹಂಚಿನ ಮ್ಯಾಲೆ ಒಂದೀಟ ಹಿಟ್ಟ ಉದರಸು, ರೊಟ್ಟಿ ಬಡದ ವಾಸನಿ ಬರತೈತಿ.”

“ಕೈಗಿ ಪಟ್ಟಿ ಐತಲ್ಲ, ಅದಕ್ಕೇನ ಹೇಳೂದು?”

“ಅಡಗಿ ಎಲ್ಲಾ ಮುಗಿಸಿ ಎದ್ದ ಮ್ಯಾಲೆ ಉಳುಕಿತು ಅನ್ನು.”

“ಅಡಗಿ ಮುಗಿಯೂತನಾ ತಡದಿತ್ತೇನ್ರಿ? ಭಾಳ ಶಾಣ್ಯಾ ಕೈ ಬಿಡ್ರಿ ನಂದು,” ಎಂದು ಹೇಳಿ, ಒಂದು ಕೈಯಿಂದಲೇ ಬಾಗಿಲು ದಢಾರೆಂದು ಹಾಕಿಕೊಂಡು ಒಳಗೆ ಹೋದಳು.

ರವಿವಾರ ಹನ್ನೊಂದರ ಸುಮಾರಿಗೆ ಫೋನು ಹಿಡಿದು ಕುಳಿತೆ. ಈ ಆ್ಯಪಿನ ವ್ಯವಹಾರವನ್ನು ನೀವೂ ಬಲ್ಲಿರಿ. ಊಟ ಕೊಡುವ ಮುನ್ನ ಅದು ಪೊಲೀಸರಂತೆ ವಿಚಾರಣೆ ಮಾಡುತ್ತದೆ. ಚಮಚ ಬೇಕೋ ಬೇಡವೋ? ಇದರ ಜೊತೆ ತಂಪು ಪಾನೀಯ? ಅಡುಗೆಯವರಿಗೆ ಏನಾದರೂ ಸೂಚನೆ? ಸೂಚನೆಯ ಜಾಗದಲ್ಲಿ ನಾನು ‘ಹೋಟೆಲಿನ ರುಚಿ ಬರಬಾರದು’ ಎಂದು ಬರೆದೆ. ವಿಳಾಸಕ್ಕೆ ‘ಹನುಮಪ್ಪನ ಗುಡಿ ಹಿಂದಿನ ಓಣಿ, ಹಿಟ್ಟಿನ ಗಿರಣಿಯಿಂದ ಒಳಗೆ, ತೆಂಗಿನ ಗಿಡದ ಮನೆ’ ಎಂದು ತುಂಬಿದೆ. ಕಡಕ್ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಕಟ್ಟಿನ ಸಾರು, ಶೇಂಗಾ ಹಿಂಡಿ, ಮೊಸರು. ಹೆಸರು ಮಾಡಿದ ಒಂದು ಖಾನಾವಳಿಯಿಂದ ಎಲ್ಲವನ್ನೂ ಒತ್ತಿ, ಹಣವನ್ನೂ ಕಟ್ಟಿ, ಜಗತ್ತನ್ನೇ ಗೆದ್ದವನಂತೆ ಕಾಲ ಮೇಲೆ ಕಾಲು ಹಾಕಿದೆ.

‘ನಿಮ್ಮ ಆರ್ಡರ್ ಸ್ವೀಕರಿಸಲಾಗಿದೆ’ ಎಂದಿತು ಫೋನು. ‘ಅಡುಗೆ ತಯಾರಾಗುತ್ತಿದೆ’ ಎಂದಿತು. ‘ಸಪ್ನಾ ಅವರು ನಿಮ್ಮ ಊಟ ತರಲಿದ್ದಾರೆ’ ಎಂದಿತು. ನಕ್ಷೆಯಲ್ಲಿ ಅಂಗೈಯಷ್ಟು ವಿಜಯಪುರ, ಅದರೊಳಗೆ ಇರುವೆಯಂಥ ಸ್ಕೂಟರು. ಅದು ಖಾನಾವಳಿಯ ಮುಂದೆ ನಿಂತಿತ್ತು. ಕೊನೆಗೊಮ್ಮೆ ಅಲುಗಾಡಿತು. ನಾನು “ಹೊಂಟಿತು, ಹೊಂಟಿತು!” ಎಂದು ಕೂಗಿದೆ. ಅಷ್ಟರಲ್ಲಿ ಫೋನು ಕಪ್ಪಾಯಿತು. ಚಾರ್ಜು ಮುಗಿದಿತ್ತು. ಓಡಿಹೋಗಿ ಚಾರ್ಜರಿಗೆ ಸಿಕ್ಕಿಸಿದೆ. ಮನೆಯಲ್ಲಿ ಕರೆಂಟು ಇರಲಿಲ್ಲ.

ಈಗ ಎರಡು ಕಷ್ಟ ಒಟ್ಟಿಗೆ ಬಂದವು. ಬೀಗರು ನಮ್ಮ ಮನೆ ನೋಡಿದವರಲ್ಲ, ದೊಡ್ಡ ರಸ್ತೆಗೆ ಬಂದು ನನಗೆ ಫೋನು ಮಾಡುತ್ತೇವೆ ಎಂದಿದ್ದರು. ಅವರ ನಂಬರು ಇದ್ದದ್ದು ಸತ್ತ ಫೋನಿನೊಳಗೆ. ನಾನೇ ರಸ್ತೆಗೆ ಹೋಗಿ ಅವರ ಕಾರಿಗೆ ಕಾಯಬೇಕು. ಇತ್ತ ಊಟ ಮನೆಗೆ ಬರುತ್ತದೆ.

“ಏ, ಕೇಳಿಲ್ಲಿ,” ಎಂದು ನಮ್ಮಾಕೆಗೆ ಹೇಳಿದೆ. “ಊಟ ಬಂದ್ರ ತಗೊಂಡ ಪಾತೇಲಿಗೆ ಹಾಕು. ರೊಕ್ಕ ಕೊಟ್ಟೈತಿ. ನೀ ಏನೂ ಮಾತಾಡೂದ ಬ್ಯಾಡ.” ನನ್ನ ಆಯುಷ್ಯದಲ್ಲಿ ಹೆಂಡತಿ ಚಾಚೂ ತಪ್ಪದೆ ಪಾಲಿಸಿದ ಅಪ್ಪಣೆ ಇದೊಂದೇ.

ಮುಂದಿನದು ಆಮೇಲೆ ಅವರಿವರ ಬಾಯಿಂದ ನನಗೆ ತಿಳಿದದ್ದು. ನಮ್ಮ ಓಣಿಯಲ್ಲಿ ಹೇಳುವವರಿಗೆ ಬರಗಾಲವಿಲ್ಲ.

ಸಪ್ನಾ ಎಂಬ ಆ ಹೆಣ್ಣುಮಗಳು, ಮೂವತ್ತರ ಆಸುಪಾಸಿನವಳು, ಬೆನ್ನಿಗೆ ಕೆಂಪು ಚೀಲ ಹಾಕಿಕೊಂಡು ಬಂದು ಮನೆಯ ಮುಂದೆ ಸ್ಕೂಟರು ನಿಲ್ಲಿಸಿದಳು. ಚೀಲದಲ್ಲಿ ನಮ್ಮ ಓಣಿಗೇ ಎರಡು ಊಟ ಇದ್ದವು. ಒಂದು ನಮ್ಮದು, ಇನ್ನೊಂದು ಎದುರು ಮನೆಯ ಶಂಕರೆಪ್ಪನ ಪಿಜ್ಜಾ. ಶಂಕರೆಪ್ಪ ಹೆಸರು ಹೇಳಿ ಪಿಜ್ಜಾ ಇಸಿದುಕೊಂಡ. ನಮ್ಮ ಬಾಗಿಲಿಗೆ ಬಂದು ಸಪ್ನಾ ಕೇಳಿದಳು, “ಓಟಿಪಿ ಹೇಳ್ರಿ ಅಕ್ಕಾರ.”

“ಓಟಿಪಿ ಅವರ ಫೋನಿನಾಗ ಐತಿ. ಫೋನ್ ಬಂದ್ ಬಿದ್ದೈತಿ.”

“ಹೌದ್ರಿ, ನಾನೂ ಹಚ್ಚಿದೆ, ಸ್ವಿಚ್ ಆಫ್ ಅಂತು. ಹೋಗ್ಲಿ, ಯಾರ ಹೆಸರಿಲೆ ಆರ್ಡರ್ ಐತಿ, ಅದನ್ನರ ಹೇಳ್ರಿ. ಕೊಟ್ಟ ಹೊಕ್ಕೀನಿ.”

“ಮನ್ಯಾವ್ರ ಹೆಸರಿಲೆ ಐತಿ.”

“ಮನ್ಯಾವ್ರ ಹೆಸರೇನ್ರಿ?”

ನಮ್ಮಾಕೆ ನೆಲ ನೋಡಿದಳು. ಆಧಾರ್ ಕಾರ್ಡು ಹುಡುಕಲು ಒಳಗೆ ಹೋದಳು. ಅವತ್ತು ಕಾರ್ಡು ನನ್ನ ಕಿಸೆಯಲ್ಲಿತ್ತು. ಅಷ್ಟರಲ್ಲಿ ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಹೊರಗೆ ಬಂದಳು.

“ಆಯಿ, ನೀವರ ಹೇಳ್ರಿ. ಮಗನ ಹೆಸರೇನು?”

“ಬಾಳಾ ಅಂತೀವ ತಂಗಿ.”

“ಬಾಳಾಸಾಹೇಬ ಅಂತ ಇಲ್ರಿ ಇದರಾಗ. ಬರಿಯೂ ಹೆಸರ ಹೇಳ್ರಿ.”

“ಬರಿಯೂ ಹೆಸರ ನಮ್ಮ ಮಾವನವರದು. ನಾ ಹೆಂಗ ಹೇಳ್ಲಿ?”

“ಹೌದಾ? ಹಂಗಾರ ನಿಮ್ಮ ಮಾವನವರನ್ನ ಕರೀರಿ. ಅವರ ಕಡಿಂದ ಹೇಳಸ್ತೀನಿ.”

“ಅವರು ಲಿಂಗೈಕ್ಯ ಆಗಿ ಮೂವತ್ತ ವರ್ಷ ಆತ ತಂಗಿ.”

ಸಪ್ನಾ ಫೋನನ್ನೊಮ್ಮೆ, ಮುದುಕಿಯನ್ನೊಮ್ಮೆ ನೋಡಿದಳಂತೆ. ಪಾಪ, ಆಕೆಯನ್ನು ನಾನು ಬೈಯಲಾರೆ. ಹಿಂದೊಮ್ಮೆ ಯಾರೋ ದಾರಿಹೋಕರ ಮಾತು ಕೇಳಿ ಊಟವನ್ನು ಬೇರೆ ಮನೆಗೆ ಕೊಟ್ಟು, ದೂರು ಹೋಗಿ, ಕಂಪನಿಯವರು ಒಂದು ವಾರ ಆಕೆಯ ಕೆಲಸವನ್ನೇ ನಿಲ್ಲಿಸಿದ್ದರಂತೆ. “ಮನ್ಯಾಗಿನವ್ರ ಬಾಯಿಂದ ಹೆಸರ ಬರಬೇಕ್ರಿ. ಇಲ್ಲಂದ್ರ ನನ್ನ ಹೊಟ್ಟಿ ಮ್ಯಾಲೆ ಬರತೈತಿ,” ಎಂದು ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಗಿರಾಕಿ ಸಿಗದಿದ್ದರೆ ಇಂತಿಷ್ಟು ಹೊತ್ತು ಕಾದು, ಆಮೇಲೆ ಆರ್ಡರನ್ನೇ ರದ್ದು ಮಾಡುವ ನಿಯಮ ಆ ಆ್ಯಪಿನದು. ಹಣವೂ ಹೋಗುತ್ತದೆ, ಊಟವೂ ಹೋಗುತ್ತದೆ. ಫೋನಿನಲ್ಲಿ ಆ ಹೊತ್ತು ಒಂದೊಂದೇ ಸೆಕೆಂಡಾಗಿ ಇಳಿಯುತ್ತಿತ್ತು.

ಓಣಿಯಲ್ಲಿ ನನ್ನ ಹೆಸರು ಗೊತ್ತಿಲ್ಲದವರು ಯಾರು? ಶಂಕರೆಪ್ಪ ಪಿಜ್ಜಾದ ಡಬ್ಬಿ ಹಿಡಿದುಕೊಂಡೇ ಬಂದು ಮೆಟ್ಟಿಲ ಮೇಲೆ ಕುಳಿತ. “ನೀವರ ಹೇಳ್ರಿ ಅಣ್ಣಾರ,” ಎಂದು ನಮ್ಮಾಕೆ ಬೇಡಿಕೊಂಡಳು.

“ನಾ ಯಾಕ ಹೇಳ್ಲಿ ತಂಗಿ? ಅಕಿ ಮನ್ಯಾಗಿನವ್ರ ಬಾಯಿಂದನ ಬರಬೇಕು ಅಂತಾಳಲ್ಲ. ನಿಮ್ಮ ಗಂಡನ ಹೆಸರ, ನೀವ ಹೇಳ್ರಿ,” ಎಂದು ಒಂದು ತುಂಡು ಬಾಯಿಗಿಟ್ಟುಕೊಂಡ. ನೋಡನೋಡುತ್ತ ಓಣಿಯ ಹೆಂಗಸರೆಲ್ಲ ಕೂಡಿದರು. “ಯಾರೂ ಹೇಳಬ್ಯಾಡ್ರಿ ನೋಡ್ರೆ! ಒಡಪ ಹಾಕಿ ಹೇಳ್ಲಿ!” ಎಂದು ಗಿರಣಿಯವನ ಹೆಂಡತಿ ಸೆರಗು ಬಿಗಿದಳು. “ಒಡಪ, ಒಡಪ!” ಎಂದು ಉಳಿದವರು ಚಪ್ಪಾಳೆ ತಟ್ಟಿದರು. ಬೀಗರು ಬರುವ ಹೊತ್ತು, ಹೋಳಿಗೆ ಆರುವ ಹೊತ್ತು, ಮಗಳ ಬಾಳು ಹಸನಾಗುವ ಹೊತ್ತು. ಓಣಿಯವರಿಗೆ ಹಾಡು ಹಸೆಯ ಹೊತ್ತು!

ಅದೇ ಹೊತ್ತಿಗೆ ನಾನು ಬೀಗರನ್ನು ಕರೆದುಕೊಂಡು ಓಣಿಯ ಬಾಯಿಗೆ ಬಂದೆ. ಕಾರು ಒಳಗೆ ಹೋಗುವಂತಿರಲಿಲ್ಲ, ನಡೆದೇ ಬರುತ್ತಿದ್ದೆವು. “ಎಷ್ಟ ಮಂದಿ ಕೂಡ್ಯಾರಲ್ರಿ ಬೀಗರ, ಮನ್ಯಾಗ ಏನರ ಆಗೇತೇನು?” ಎಂದು ಗೊಲ್ಲಾಳಪ್ಪನವರು ಗಾಬರಿಯಾದರು. ಗುಂಪಿನ ಹಿಂದೆ ಮೂವರೂ ನಿಂತೆವು. ನಮ್ಮಾಕೆಗೆ ನಾವು ಕಾಣುತ್ತಿರಲಿಲ್ಲ. ಅವಳು ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಇಡೀ ಓಣಿಗೆ ಕೇಳುವಂತೆ ಶುರು ಮಾಡಿದಳು:

“ಎಣ್ಣಿಗಾಯಿ ಬದನಿ, ಎಳ್ಳ ಹಚ್ಚಿದ ರೊಟ್ಟಿ,
ಉಳುಕೇತಿ ನನ್ನ ಕೈ, ಕಟ್ಟೇನಿ ಬಿಳಿ ಪಟ್ಟಿ,
ಬೀಗರಿಗಿ ಖಾನಾವಳಿ ಊಟ ತರಸ್ಯಾರ, ಎದಿ ನೋಡ್ರಿ ಎಷ್ಟ ಗಟ್ಟಿ,
ನಮ್ಮ ಶಿವಶರಣಪ್ಪನವರು!”

ಹೆಂಡತಿಯ ಬಾಯಿಂದ ನನ್ನ ಹೆಸರನ್ನು ಕೇಳಿದ್ದು ಅದೇ ಮೊದಲು. ಎಷ್ಟು ಚಂದ ಹೇಳಿದಳು! ಒಂದು ಗಳಿಗೆ ಎದೆ ಉಬ್ಬಿತು. ಮರುಗಳಿಗೆಗೆ ಮೂರನೆಯ ಸಾಲಿನ ಅರ್ಥ ತಲೆಗೆ ಇಳಿದು, ಉಬ್ಬಿದ್ದೆಲ್ಲ ಪಂಕ್ಚರಾದ ಟ್ಯೂಬಿನಂತೆ ಕುಸಿಯಿತು. ಮೆಲ್ಲಗೆ ಪಕ್ಕಕ್ಕೆ ತಿರುಗಿ ನೋಡಿದೆ. ನೀಲಗಂಗವ್ವನವರು ನನ್ನನ್ನೇ ನೋಡುತ್ತಿದ್ದರು.

“ಹೊಸ್ತಲಾ ದಾಟಿಲ್ಲ ಅಂದಿದ್ರಿ ಬೀಗರ,” ಎಂದರು.

“ಇನ್ನೂ ದಾಟಿಲ್ರಿ,” ಎಂದೆ. ಸುಳ್ಳಾಗಿರಲಿಲ್ಲ. ಊಟ ಇನ್ನೂ ಕಟ್ಟೆಯ ಮೇಲೇ ಇತ್ತು.

ಗುಂಪು ನಮ್ಮನ್ನು ನೋಡಿ ದಾರಿ ಬಿಟ್ಟಿತು. ನಮ್ಮಾಕೆ ಬೀಗರನ್ನು ಕಂಡವಳೇ ಎಡಗೈಯಿಂದ ಬಾಯಿ ಮುಚ್ಚಿಕೊಂಡಳು. ಮಗಳ ಮದುವೆ ಮುರಿಯಿತು ಎಂದೇ ನಾನು ತಿಳಿದೆ. ನನ್ನ ಒಂದು ಬಡಿವಾರದ ಮಾತಿಗಾಗಿ ಆ ಹುಡುಗಿ ಅಳಬೇಕಾಯಿತಲ್ಲ ಎಂದುಕೊಂಡೆ. ನೀಲಗಂಗವ್ವನವರು ಸರಸರ ಮೆಟ್ಟಿಲು ಹತ್ತಿ ನಮ್ಮಾಕೆಯ ಮುಂದೆ ನಿಂತರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಗಲು ಶುರು ಮಾಡಿದರು. ಏನು ನಗು ಅದು! ಶಂಕರೆಪ್ಪನ ಪಿಜ್ಜಾ ಗಂಟಲಿಗೆ ಸಿಕ್ಕಿತು.

“ಯವ್ವಾ ಬೀಗಿತಿ, ಒಂದ ಒಡಪಿನಾಗ ಮನಿ ಕತಿ ಎಲ್ಲಾ ಖರೆ ಹೇಳಿಬಿಟ್ಟ್ರೆಲ್ಲ! ನಿಮ್ಮಂಥಾಕಿ ಇದ್ರ ಸಾಕು, ಬೀಗರ ಮಾತ ನಾ ಲೆಕ್ಕಕ್ಕ ಹಿಡಿಯೂದಿಲ್ಲ.” ಅಷ್ಟಕ್ಕೇ ನಿಲ್ಲದೆ ತಾವೂ ಒಂದು ಹಾಕಿದರು:

“ತಿಕೋಟಾದ ದ್ರಾಕ್ಷಿ ತಿಂದ್ರ ಬಲು ಸಿಹಿ,
ಗೊಲ್ಲಾಳಪ್ಪನವರ ಮಾತಿಗಿ ಎಂದೂ ನಂದು ಸಹಿ!”

ಗೊಲ್ಲಾಳಪ್ಪನವರು ಮೀಸೆಯೊಳಗೇ ನಕ್ಕರು. ಮುರಿಯಿತು ಎಂದುಕೊಂಡದ್ದು ಮುರಿಯಲಿಲ್ಲ. ನನ್ನ ಮಾನ ಹೋಗಿತ್ತು, ನಿಜ. ಆದರೆ ಮಗಳ ಮದುವೆ ಉಳಿದಿತ್ತು, ಆರದ ಹೋಳಿಗೆಯೂ ಇತ್ತು. ನನ್ನ ಹಳೆಯ ಗತ್ತು ಮರಳಿ ಬಂತು.

“ಹೆಸರ ಹೇಳ್ಯಾಳಲ್ಲ, ಇನ್ನ ಊಟ ಕೊಡವಾ,” ಎಂದೆ ಸಪ್ನಾಳಿಗೆ.

“ಕೊಡ್ತಿದ್ದೆ ಕಾಕಾರ. ಆದ್ರ ಆ ಹೆಸರ ಇದರಾಗ ಇಲ್ರಿ.”

“ಇಲ್ಲಂದ್ರ? ಶಿವಶರಣಪ್ಪ ಅಂದ್ರ ನಾನಽ! ಆರ್ಡರ್ ಮಾಡಿದಾವನೂ ನಾನಽ!”

“ಇಲ್ಲಿ ಹೆಣ್ಣಮಕ್ಕಳ ಹೆಸರ ಐತ್ರಿ. ಮೊದಲ ಹೇಳಿದ್ರ ಸುಳಿವ ಕೊಟ್ಟಂಗ ಆಗತಿತ್ತು. ಅಷ್ಟ ಹೇಳ್ತೀನಿ ನಾ.”

ಆಗ ನೆನಪಾಯಿತು. ಹೊಸದಾಗಿ ಸೇರುವವರಿಗೆ ಮೊದಲ ಊಟ ಅರ್ಧ ಬೆಲೆಗೆ ಎಂದು ಆ ಆ್ಯಪಿನಲ್ಲಿತ್ತು. ನನ್ನ ಹೆಸರಿನ ಮೊದಲ ಊಟ ಗೋಬಿ ಮಂಚೂರಿಯಲ್ಲೇ ಮುಗಿದುಹೋಗಿತ್ತು. ಅದಕ್ಕೇ ಈ ಸಲ ನನ್ನ ಎರಡನೆಯ ಸಿಮ್ಮಿನ ನಂಬರು ಹಾಕಿ, ಹೆಂಡತಿಯ ಹೆಸರಿನಲ್ಲಿ ಹೊಸದಾಗಿ ಸೇರಿದ್ದೆ. ಗಡಿಬಿಡಿಯಲ್ಲಿ ಅದು ಮರೆತೇಹೋಗಿತ್ತು. ಇದನ್ನು ತಲೆತಗ್ಗಿಸಿ ಎಲ್ಲರ ಮುಂದೆ ಹೇಳಬೇಕಾಯಿತು. “ಬೀಗರ ಊಟದಾಗೂ ಅರ್ಧ ಉಳಸ್ಯಾನ್ರಿ ನಮ್ಮ ಸಾವಕಾರ!” ಎಂದ ಶಂಕರೆಪ್ಪ.

“ಹಂಗಾರ ಅದು ನನ್ನ ಹೆಸರಽ...” ಎಂದು ನಮ್ಮಾಕೆ ಬಾಯಿ ತೆರೆದಳು. ನೀಲಗಂಗವ್ವನವರು ಫಕ್ಕನೆ ಆಕೆಯ ಬಾಯಿಗೆ ಕೈ ಅಡ್ಡ ಹಿಡಿದರು.

“ನೀವು ಸುಮ್ಮನಿರ್ರಿ ಬೀಗಿತಿ. ನೀವು ಅವರ ಹೆಸರ ಹೇಳೀರಿ. ಈಗ ಅವರು ನಿಮ್ಮದ ಹೇಳ್ಲಿ. ಹೇಳ್ರಿ ಬೀಗರ.”

“ಹೇಳ್ರಿ ಕಾಕಾರ, ಲಗೂನ ಹೇಳ್ರಿ,” ಎಂದಳು ಸಪ್ನಾ ಫೋನು ನೋಡುತ್ತ. “ಎರಡ ಸಲ ಹೊತ್ತ ಜಾಸ್ತಿ ತಗೊಂಡೇನಿ. ಇನ್ನ ಕೊಡೂದಿಲ್ಲ ಇದು.”

ಹೇಳುವುದೇನು ಮಹಾ? ನಾಲ್ಕು ಅಕ್ಷರ. ಬಾಯಿ ತೆರೆದೆ. ಎದುರಿಗೆ ಅವ್ವ ಕಪ್ಪು ಕನ್ನಡಕದೊಳಗಿಂದ ನೋಡುತ್ತಿದ್ದಳು. ಅವ್ವನ ಎದುರಿಗೆ ಎಂದೂ ನಾನು ಹೆಂಡತಿಯ ಹೆಸರು ಹಿಡಿದವನಲ್ಲ. ಎದುರಿಗೇನು, ಹಿಂದೆಯೂ ಹಿಡಿದವನಲ್ಲ. ‘ಏ’, ‘ಕೇಳಿಲ್ಲಿ’, ‘ಎಲ್ಲಿ ಹೋದಿ’ ಎಂಬ ಮೂರು ಮಾತಿನಲ್ಲೇ ನನ್ನ ಸಂಸಾರ ಇಲ್ಲಿಯವರೆಗೆ ಬಂದಿತ್ತು. ತೆರೆದ ಬಾಯಿಯಿಂದ ಬರೀ ಗಾಳಿ ಹೊರಬಂತು.

“ಅದು... ಅಂದ್ರ... ಇಕಿದು... ಕಾವ್ಯಾನ ಅವ್ವಂದು,” ಎಂದೆ.

“ಕಾವ್ಯಾನ ಅವ್ವ ಅಂತ ಇದರಾಗ ಇಲ್ರಿ.”

“ಮಂದಿ ಚಂದ್ರನ ಮ್ಯಾಲೆ ಹೋಗ್ಯಾರಂತ,” ಎಂದಳು ನಮ್ಮಾಕೆ, ನೀಲಗಂಗವ್ವನವರ ಬೆರಳ ಸಂದಿಯಿಂದ.

ಬೆವರು ಕಣ್ಣಿಗೆ ಇಳಿಯಿತು. ಮೊದಲಕ್ಷರವನ್ನು ನಾಲಿಗೆಯ ತುದಿಯವರೆಗೆ ನೂಕಿ ತಂದೆ. “ಮ...” ಎಂದೆ. “ಮ...” ಎಂದು ಓಣಿಯೆಲ್ಲ ಉಸಿರು ಬಿಗಿಹಿಡಿಯಿತು. ಎರಡನೆಯ ಅಕ್ಷರ ಬರುವ ಮುನ್ನ ಸಪ್ನಾಳ ಫೋನು ‘ಟಣ್’ ಎಂದಿತು.

“ಮುಗೀತ್ರಿ,” ಎಂದಳು ಆಕೆ. “ಗಿರಾಕಿ ಸಿಗಲಿಲ್ಲ ಅಂತ ಕ್ಯಾನ್ಸಲ್ ಆತು.”

ಗಿರಾಕಿ ಮೂರು ಅಡಿ ದೂರದಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದ. ಹಣ ಹೋಯಿತು, ಊಟ ಹೋಯಿತು, ಹೆಸರೂ ಬರಲಿಲ್ಲ.

“ಹಂಗಾರ ಈ ಊಟ ಏನ ಮಾಡ್ತೀ ತಂಗಿ?” ಎಂದು ಅವ್ವ ಕೇಳಿದಳು.

“ಹಿಂಗ ಕ್ಯಾನ್ಸಲ್ ಆದದ್ದನ್ನ ಖಾನಾವಳಿಯವರು ತಿರಗಿ ತಗೊಳ್ಳೂದಿಲ್ರಿ ಆಯಿ. ತಂದಾಕಿಗೇ ಬಿಟ್ಟದ್ದು. ಈಗ ಇದು ನಂದ ಆತು.”

“ನಿಂದ ಊಟ ಆತು?”

“ಎಲ್ಲೀದ್ರಿ! ಮುಂಜಾನಿಂದ ಗಾಡಿ ಮ್ಯಾಲೆ ಅದೀನಿ.”

“ಹಂಗಾರ ಹೊತ್ತಿಗಿ ಬಂದೀ. ಕೈಕಾಲ ತೊಳಕೊಂಡ ಒಳಗ ಬಾ, ಇಲ್ಲೇ ಉಣ್ಣು. ಊಟದ ಹೊತ್ತಿನಾಗ ಕಟ್ಟಿ ಮ್ಯಾಲೆ ಕೂಡಿಸಿ ಕಳಸೂ ರೂಢಿ ಈ ಮನ್ಯಾಗ ಇಲ್ಲ,” ಎಂದಳು ಅವ್ವ. ಸಪ್ನಾ ಒಂದು ಕ್ಷಣ ಹಿಂದೆಮುಂದೆ ನೋಡಿದಳು. ಆಮೇಲೆ ಕೆಂಪು ಚೀಲ ಎತ್ತಿಕೊಂಡು, “ನಾ ಒಬ್ಬಾಕೀನ ಇಷ್ಟೆಲ್ಲ ಹೆಂಗ ಉಣ್ಲಿ? ಎಲ್ಲಾರೂ ಕೂಡ್ರಿ,” ಎಂದಳು. ಹೀಗೆ ನಾನು ರೊಕ್ಕ ಕೊಟ್ಟು ತರಿಸಿದ ಊಟ ನನ್ನ ಮನೆಯ ಹೊಸ್ತಿಲನ್ನು ಸಪ್ನಾಳ ಊಟವಾಗಿ ದಾಟಿತು. ನಾವು, ಬೀಗರು ಎಲ್ಲರೂ ಆಕೆಯ ಅತಿಥಿಗಳಾದೆವು.

ಪಡಸಾಲೆಯಲ್ಲಿ ಪಂಕ್ತಿ ಬಿತ್ತು. ನಮ್ಮಾಕೆಯ ಕೈಗೆ ಪಟ್ಟಿ ಇದ್ದುದರಿಂದ ನೀಲಗಂಗವ್ವನವರೇ ಸೆರಗು ಸಿಕ್ಕಿಸಿ ಬಡಿಸಲು ನಿಂತರು. ಗೊಲ್ಲಾಳಪ್ಪನವರ ತಟ್ಟೆಗೆ ರೊಟ್ಟಿ ಬಿತ್ತು, ಎಣ್ಣೆಗಾಯಿ ಬಿತ್ತು. ಸಪ್ನಾಳಿಗೆ ಬಿತ್ತು, ಅವ್ವನಿಗೆ ಬಿತ್ತು. “ತಾರೀಖ ಮುಂದಿನ ತಿಂಗಳ ಹಿಡಿಯೂಣ್ರಿ,” ಎಂದು ಬೀಗರು ಮೊದಲ ತುತ್ತಿಗೇ ಹೇಳಿದರು. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಹಸಿವೆ ಒಮ್ಮೆಲೇ ಎದ್ದಿತು. ಬೀಗಿತಿ ಹೋಳಿಗೆಯ ಡಬ್ಬಿ ಹಿಡಿದು ನನ್ನ ಮುಂದೆ ಬಂದರು.

“ಅವರಿಗಿ ನೀಡಬ್ಯಾಡ್ರಿ ಬೀಗಿತಿ,” ಎಂದಳು ನಮ್ಮಾಕೆ ಅಡುಗೆಮನೆಯ ಬಾಗಿಲಿಂದ. “ಹೆಸರ ಹೇಳಿಲ್ಲ ಅವರು.”

“ಬರೋಬ್ಬರಿ ಐತ್ರಿ,” ಎಂದಳು ಸಪ್ನಾ ರೊಟ್ಟಿ ಮುರಿಯುತ್ತ. “ಹೆಸರ ಕೇಳಿದ ಮ್ಯಾಲೇ ಕೊಡಬೇಕು.”

ನೀಲಗಂಗವ್ವನವರು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡರು. “ಬರೀ ಹೆಸರ ನಡಿಯೂದಿಲ್ಲ ಬೀಗರ. ಒಡಪ ಬೇಕು.”

ಖಾಲಿ ತಟ್ಟೆಯ ಮುಂದೆ ಕುಳಿತು ಯೋಚಿಸಿದೆ. ಹುಟ್ಟಿದಾಗಿನಿಂದ ಪೈಪು, ಮೋಟಾರು ಬಿಟ್ಟರೆ ಬೇರೊಂದು ಗೊತ್ತಿಲ್ಲದ ತಲೆ. ಎಲ್ಲರೂ ಊಟ ಮಾಡುತ್ತಲೇ ನನ್ನನ್ನು ನೋಡುತ್ತಿದ್ದರು. ಕಿಟಕಿಯಲ್ಲಿ ಶಂಕರೆಪ್ಪನ ಮೋರೆ ಕಾಣಿಸಿತು. ಅವ್ವ ಮಾತ್ರ, ಪುಣ್ಯಾತ್ಮಳು, ಕಪ್ಪು ಕನ್ನಡಕದ ಮೋರೆಯನ್ನು ಗೋಡೆಯ ಕಡೆಗೆ ತಿರುಗಿಸಿ, “ನಂಗ ಕಿವಿ ಮಂದ ಆಗೇತಿ, ಹೇಳಪಾ,” ಎಂದಳು. ಕಣ್ಣು ಮುಚ್ಚಿ ಹೇಳಿದೆ:

“ಬೋರಿಗಿ ಮೋಟಾರ ಛಂದ, ಮೋಟಾರಿಗಿ ಪೈಪ್ ಛಂದ,
ಹಸದ ಹೊಟ್ಟಿಗಿ ಹೋಳಿಗಿ ಛಂದ,
ನನ್ನ ಮನಿಗಿ... ನನ್ನ ಮನಿಗಿ... ಮಹಾನಂದಾ.”

“ಮೋಟಾರ ಮ್ಯಾಲೆ ಒಡಪ! ಶಿವನಽ!” ಎಂದು ಬೀಗಿತಿ ಹಣೆ ಬಡಿದುಕೊಂಡರು. ಪಂಕ್ತಿಯೆಲ್ಲ ನಕ್ಕಿತು. ನಾನು ಕಣ್ಣು ತೆರೆದು ಬಾಗಿಲ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ. ಪಟ್ಟಿ ಕಟ್ಟಿದ ಕೈಯಿಂದ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದಳು.

“ಕೇಳಸಲಿಲ್ಲ. ಇನ್ನೊಮ್ಮೆ ಹೇಳ್ರಿ,” ಎಂದಳು.

ಅವಳಿಗೆ ಕೇಳಿಸಿತ್ತು. ಕಿಟಕಿಯಾಚೆ ಶಂಕರೆಪ್ಪನಿಗೂ ಕೇಳಿಸಿತ್ತು. ಆದರೂ ಇನ್ನೊಮ್ಮೆ ಹೇಳಿದೆ. “ಹಾಂ?” ಎಂದಳು. ಮತ್ತೊಮ್ಮೆ ಹೇಳಿದೆ, ಈ ಸಲ ನಾಲಿಗೆ ತೊಡರಲಿಲ್ಲ. ಹೇಳಿ ಮುಗಿಸಿ ತಟ್ಟೆ ಚಾಚುವಷ್ಟರಲ್ಲಿ ಗೊಲ್ಲಾಳಪ್ಪನವರು ಕಡೆಯ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು.